ಹಳೆಯ ಗಣಕಯಂತ್ರ ಮತ್ತು ಒಂದೇ ಪ್ರತಿಯ ಕೋಶ

ಹಳಗನ್ನಡ ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ‘ಏಕೈಕ ಪ್ರತಿ’ ಎಂಬ ಮಾತಿನಷ್ಟು ಆತಂಕ ಹುಟ್ಟಿಸುವ ಮಾತು ಬೇರೊಂದಿಲ್ಲ. ಹಲವು ಪ್ರತಿಗಳಿದ್ದರೆ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಒಂದರಲ್ಲಿ ಗರಿ ಮುರಿದಿದ್ದರೆ ಆ ಭಾಗ ಮತ್ತೊಂದರಲ್ಲಿ ದೊರೆಯುತ್ತದೆ. ಒಂದೇ ಪ್ರತಿ ಉಳಿದಿದ್ದರೆ ಹುಳು ತಿಂದ ಅಕ್ಷರ ಹೋದಂತೆಯೇ. ಆ ಒಂದೂ ಉಳಿಯದಿದ್ದಾಗ ಕೃತಿಯ ಹೆಸರಷ್ಟೇ ಉಳಿಯುತ್ತದೆ. ಒಂದನೆಯ ಗುಣವರ್ಮನ ‘ಶೂದ್ರಕ’ ಮತ್ತು ‘ಹರಿವಂಶ’ಗಳು ಇಂದು ಗೊತ್ತಿರುವುದು ಅನ್ಯರು ಉದಾಹರಿಸಿದ ಬಿಡಿ ಪದ್ಯಗಳಿಂದ ಮಾತ್ರ. ಈ ಸಂಗತಿಯನ್ನು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ವಿವರಿಸಿ ನಿವೃತ್ತರಾದ ಅಧ್ಯಾಪಕರೊಬ್ಬರು ಅರಸೀಕೆರೆಯ ಕಡೆಯ ಒಂದು ಊರಿನಲ್ಲಿದ್ದರು. ಅದೇ ಮಾತು ತಮ್ಮ ಮೇಜಿನ ಮೇಲಿನ ಗಣಕಯಂತ್ರಕ್ಕೂ ಸಲ್ಲುತ್ತದೆಂಬುದು ಅವರಿಗೆ ಹೊಳೆದದ್ದು 2011ರ ಡಿಸೆಂಬರ್ ತಿಂಗಳ ಒಂದು ಮುಂಜಾನೆ.

ಅವರು ಸಿದ್ಧಪಡಿಸುತ್ತಿದ್ದುದು ಕನ್ನಡ ಶಾಸನಗಳಲ್ಲಿ ಬರುವ ಕೆರೆ, ಕಾಲುವೆ, ಬೇಸಾಯಗಳಿಗೆ ಸಂಬಂಧಿಸಿದ ಪದಗಳ ಕೋಶ. ತೂಬು, ಕೋಡಿ, ಏರಿ, ಮತ್ತರು, ಕಂಬ, ಖಂಡುಗ, ಕಟ್ಟುಕೊಡಗೆ, ಬಿತ್ತುವಟ್ಟ — ಇಂಥ ಒಂದೊಂದು ಪದಕ್ಕೂ ಅದು ಬರುವ ಶಾಸನ, ಊರು, ಕಾಲ, ಸಂದರ್ಭದ ಸಾಲು, ಅರ್ಥಚರ್ಚೆ. ಮೊದಲ ಐದು ವರ್ಷದ ಕೆಲಸ ನಡೆದದ್ದು ಚೀಟಿಗಳ ಮೇಲೆ. 2004ರಲ್ಲಿ ನಿವೃತ್ತಿಯ ಹಣದ ಒಂದು ಭಾಗದಿಂದ ಅವರು ಗಣಕಯಂತ್ರ ಕೊಂಡರು. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಕಲಿತು ಚೀಟಿಗಳನ್ನೆಲ್ಲ ತಾವೇ ಅದಕ್ಕೆ ಏರಿಸಿದರು. ಅಲ್ಲಿಂದ ಮುಂದೆ ಚೀಟಿ ಬರೆಯುವುದು ನಿಂತಿತು. ಹಳೆಯ ಚೀಟಿಗಳಿದ್ದ ಪೆಟ್ಟಿಗೆಗಳಿಗೆ ಅಟ್ಟದ ಮೇಲೆ ಗೆದ್ದಲು ಹಿಡಿದಾಗ ಅವರಿಗೆ ಬೇಸರವಾಯಿತೇ ಹೊರತು ಭಯವಾಗಲಿಲ್ಲ. ಎಲ್ಲವೂ ಯಂತ್ರದಲ್ಲಿದೆಯಲ್ಲ ಎಂಬುದು ಅವರ ಸಮಾಧಾನ.

ಧನುರ್ಮಾಸದ ಆ ಬೆಳಗ್ಗೆ ‘ಬಿತ್ತುವಟ್ಟ’ ಎಂಬ ಪದದ ಟಿಪ್ಪಣಿಯನ್ನು ತಿದ್ದುತ್ತಿದ್ದಾಗ ಪರದೆ ಒಮ್ಮೆಲೇ ಕಪ್ಪಾಯಿತು. ವಿದ್ಯುತ್ ಹೋಗಿರಲಿಲ್ಲ, ತಲೆಯ ಮೇಲಿನ ದೀಪ ಉರಿಯುತ್ತಲೇ ಇತ್ತು. ಕ್ಷಣ ಕಳೆದು ಯಂತ್ರ ಒಂದು ಸಣ್ಣ ‘ಬೀಪ್’ ಸದ್ದು ಮಾಡಿ, ಏನೂ ಆಗಿಲ್ಲವೆಂಬಂತೆ ಮೊದಲಿನಿಂದ ಆರಂಭವಾಯಿತು. ಅರ್ಧ ಪುಟದ ಬರವಣಿಗೆ ಹೋಗಿತ್ತು. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ಮುಂದಿನ ವಾರದಲ್ಲಿ ಒಂದೇ ದಿನ ಮೂರು ಬಾರಿ ಆಯಿತು. ಕೆಲವೊಮ್ಮೆ ಇಡೀ ದಿನ ಯಾವ ತೊಂದರೆಯೂ ಇರುತ್ತಿರಲಿಲ್ಲ. ಯಾವ ಕೀಲಿ ಒತ್ತಿದ್ದರಿಂದ, ಯಾವ ಕಡತ ತೆರೆದದ್ದರಿಂದ ಹೀಗಾಗುತ್ತದೆಂದು ಹೇಳುವಂತಿರಲಿಲ್ಲ.

ಸಲಹೆಗಳಿಗೇನೂ ಕೊರತೆ ಇರಲಿಲ್ಲ. ನೆಂಟರೊಬ್ಬರು ವೈರಸ್ ಎಂದರು. ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿದರೆ ಸರಿಹೋಗುತ್ತದೆಂಬುದು ಅವರ ಖಚಿತ ಅಭಿಪ್ರಾಯ. ನೆರೆಮನೆಯವರು ಏಳು ವರ್ಷದ ಯಂತ್ರವನ್ನು ಯಾರೂ ದುರಸ್ತಿ ಮಾಡಿಸುವುದಿಲ್ಲ, ಹೊಸದು ಕೊಳ್ಳಿ ಎಂದರು. ಅಳಿಸುವ ಮಾತು ಕೇಳಿದೊಡನೆ ಅಧ್ಯಾಪಕರ ಎದೆ ನಡುಗಿತು. ಬಸ್ ನಿಲ್ದಾಣದ ಬಳಿ ಗಣಕಯಂತ್ರ ದುರಸ್ತಿಯ ಸಣ್ಣ ಅಂಗಡಿ ಇಟ್ಟಿದ್ದ ಅವರ ಹಳೆಯ ಶಿಷ್ಯನೊಬ್ಬನಿದ್ದ. ಬಿ.ಎ. ತರಗತಿಯಲ್ಲಿ ಹಳಗನ್ನಡವೆಂದರೆ ಹಿಂದಿನ ಬೆಂಚಿಗೆ ಸರಿಯುತ್ತಿದ್ದ ಹುಡುಗ. ಹೇಳಿಕಳುಹಿಸಿದ ಸಂಜೆಯೇ ಅವನು ಬಂದ.

ಬಂದವನು ಯಂತ್ರವನ್ನು ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ಇದ್ರೊಳಗೆ ಇರೋದು ಬೇರೆ ಎಲ್ಲಾದ್ರೂ ಇದೆಯಾ?”

“2007ರಲ್ಲಿ ಒಂದು ಸಿ.ಡಿ. ಮಾಡಿಸಿದ್ದೆ ಕಣಪ್ಪ.”

ಆ ಸಿ.ಡಿ.ಯನ್ನು ಹುಡುಕಿ ತೆಗೆದು ಹಾಕಿದರೆ ಯಂತ್ರ ಅದನ್ನು ಓದಲೇ ಇಲ್ಲ. ಶಿಷ್ಯ ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿಯೂ ಹಾಕಿ ನೋಡಿದ. ಸ್ವಲ್ಪ ಹೊತ್ತು ಗಿರಕಿ ಹೊಡೆದು ಅದು ಸುಮ್ಮನಾಯಿತು. ಇಬ್ಬರೂ ಒಂದು ಕ್ಷಣ ಮಾತಾಡಲಿಲ್ಲ.

“ಹಂಗಾದ್ರೆ ಮೊದ್ಲು ಕಾಪಿ ಸಾರ್. ಕಾಯಿಲೆ ಏನು ಅಂತ ಆಮೇಲೆ ನೋಡೋಣ.”

ದೋಷ ಹುಡುಕುವವರು ಸಾಮಾನ್ಯವಾಗಿ ಮರೆಯುವ ಮೊದಲ ಹೆಜ್ಜೆ ಇದು. ಪರೀಕ್ಷೆಗೆಂದು ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಒಳಗಿನ ಬರಹಕ್ಕೆ ಅಪಾಯ ಹೆಚ್ಚು. ಹಾರ್ಡ್‌ಡಿಸ್ಕಿನ ಮೇಲೆ ಕಡತವೊಂದನ್ನು ಬರೆಯುತ್ತಿರುವಾಗ ವಿದ್ಯುತ್ ಕಡಿದರೆ ಅರ್ಧ ಹೊಸದು, ಅರ್ಧ ಹಳೆಯದು ಆದ ಕಡತ ಉಳಿಯಬಹುದು. ಪೆನ್‌ಡ್ರೈವಿಗೆ ನಕಲು ಮಾಡಲು ಹೋದಾಗ ಯಂತ್ರ ನಡುವೆಯೇ ಎರಡು ಬಾರಿ ಮರುಚಾಲನೆಗೊಂಡಿತು. ಕೊನೆಗೆ ಶಿಷ್ಯ ಹಾರ್ಡ್‌ಡಿಸ್ಕನ್ನೇ ಬಿಚ್ಚಿ, ಅಂಗಡಿಗೆ ಒಯ್ದು, ಅದರ ಅಗಲವಾದ ರಿಬ್ಬನ್ ಕೇಬಲನ್ನು ಅಲ್ಲಿನ ಯಂತ್ರಕ್ಕೆ ಜೋಡಿಸಿ ನಕಲು ತೆಗೆದ. ಒಂದು ಕಡತ ಬಿಟ್ಟು ಉಳಿದವೆಲ್ಲ ಬಂದವು. ಬಾರದೆ ಹೋದದ್ದು ‘ಬ’ಕಾರದ ಕಡತ, ಮೊದಲ ಆಘಾತದ ವೇಳೆ ತೆರೆದಿದ್ದುದು ಅದೇ. ಅಷ್ಟು ದಿನ ಹೇಗೋ ತೆರೆದುಕೊಳ್ಳುತ್ತಿದ್ದ ಅದು ಈಗ ನಡುಭಾಗದ ನಂತರ ಬರಿಯ ಚೌಕಗಳನ್ನು ತೋರಿಸುತ್ತಿತ್ತು. ‘ಬಿ’ಯಿಂದ ಮುಂದಿನ ನಲವತ್ತಕ್ಕೂ ಹೆಚ್ಚು ಪದಗಳು ಹೋಗಿದ್ದವು. ಅಧ್ಯಾಪಕರು ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನದಿಂದ ಹುಡುಕಾಟ ಆರಂಭವಾಯಿತು. ಈ ವಿಷಯದಲ್ಲಿ ಅಧ್ಯಾಪಕರ ಪಾಲಿನ ಕೆಲಸವೆಂದರೆ ಒಂದು ನೋಟ್‌ಬುಕ್ಕು. ಯಂತ್ರದ ಬಗ್ಗೆ ತಮಗೆ ಏನೂ ಗೊತ್ತಿಲ್ಲ, ಗೊತ್ತಿರುವುದು ಬರೆದಿಡುವುದೊಂದೇ ಎಂದು ಅವರು ಗೆರೆ ಎಳೆದು ನಾಲ್ಕು ಅಂಕಣ ಮಾಡಿದರು: ದಿನಾಂಕ, ವೇಳೆ, ಆಗ ಮಾಡುತ್ತಿದ್ದ ಕೆಲಸ, ಹಿಂದಿನ ಬಾರಿಗಿಂತ ಬದಲಾದದ್ದು. ಶಾಸನದ ಪ್ರತಿ ಮಾಡುವವರು ಅರ್ಥವಾಗದ ಅಕ್ಷರವನ್ನೂ ಕಂಡಂತೆಯೇ ಬರೆದುಕೊಳ್ಳುತ್ತಾರಷ್ಟೆ; ಊಹೆ ಆಮೇಲಿನದು. ಈ ನೋಟ್‌ಬುಕ್ಕಿನಲ್ಲಿಯೂ ಊಹೆಗೆ ಅಂಕಣವಿರಲಿಲ್ಲ.

ಶಿಷ್ಯ ಮೊದಲು ನೋಡಿದ್ದು ತಂತ್ರಾಂಶವನ್ನು. ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ಏರ್ಪಾಡಿದೆ: ವ್ಯವಸ್ಥೆಯಲ್ಲಿ ಗಂಭೀರ ದೋಷ ಕಂಡರೆ ಯಂತ್ರ ತಾನಾಗಿಯೇ ಮರುಚಾಲನೆಗೊಳ್ಳುತ್ತದೆ. ಇದರಿಂದ ದೋಷದ ವಿವರವುಳ್ಳ ನೀಲಿ ಪರದೆ ಕಣ್ಣಿಗೆ ಬೀಳುವ ಮೊದಲೇ ಮಾಯವಾಗುತ್ತದೆ. ಆ ಏರ್ಪಾಡಿನ ಗುರುತನ್ನು ಅವನು ತೆಗೆದುಹಾಕಿದ. ದೋಷ ತಂತ್ರಾಂಶದ್ದಾದರೆ ಇನ್ನು ಮುಂದೆ ಯಂತ್ರ ನೀಲಿ ಪರದೆಯಲ್ಲಿ ನಿಲ್ಲಬೇಕು. ಮರುದಿನವೂ ಯಂತ್ರ ಹಿಂದಿನಂತೆಯೇ ಕಪ್ಪಾಗಿ ಮತ್ತೆ ಎದ್ದಿತು. ನೀಲಿ ಪರದೆ ಕಾಣಲಿಲ್ಲ. ಯಂತ್ರ ತನ್ನೊಳಗೆ ಬರೆದಿಟ್ಟುಕೊಳ್ಳುವ ಘಟನೆಗಳ ದಾಖಲೆಯಲ್ಲಿಯೂ ‘ಹಿಂದಿನ ನಿಲುಗಡೆ ಅನಿರೀಕ್ಷಿತವಾಗಿತ್ತು’ ಎಂಬ ಅರ್ಥದ ಒಂದು ಸಾಲು, 6008 ಎಂಬ ಅಂಕೆ, ವೇಳೆ — ಇಷ್ಟೇ ಇದ್ದವು. ಕಾಲ ಹೇಳಿ ಕರ್ತೃವಿನ ಹೆಸರು ಹೇಳದ ಶಾಸನದಂತಿತ್ತು ಅದು. ಆದರೂ ಅದರಲ್ಲಿದ್ದ ವೇಳೆ ನೋಟ್‌ಬುಕ್ಕಿನ ವೇಳೆಗೆ ಹೊಂದುತ್ತಿತ್ತು. ತೊಂದರೆ ಬಹುಮಟ್ಟಿಗೆ ವಿಂಡೋಸಿನದಲ್ಲ, ಅದರ ಕೆಳಗಿನ ಯಂತ್ರಾಂಗದ್ದು ಎಂಬಷ್ಟು ನಿರ್ಣಯವಾಯಿತು.

ಮುಂದೆ ಯು.ಪಿ.ಎಸ್. ಅದರ ಬ್ಯಾಟರಿ ಹಳತಾಗಿದ್ದರೆ ವೋಲ್ಟೇಜು ಕುಸಿದ ಗಳಿಗೆಯಲ್ಲಿ ಅದು ಕೈಕೊಡಬಹುದು. ಯಂತ್ರವನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಶಾಖ. ಏಳು ವರ್ಷದ ದೂಳು ಫ್ಯಾನಿನ ಅಡಿಯಲ್ಲಿ ಕಂಬಳಿಯಂತೆ ಕುಳಿತಿತ್ತು. ಅದನ್ನು ತೆಗೆದು, ಪ್ರೊಸೆಸರಿಗೂ ಅದರ ಮೇಲಿನ ಲೋಹದ ಹಲಗೆಗೂ ನಡುವೆ ಒಣಗಿಹೋಗಿದ್ದ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದ್ದಾಯಿತು. ಬಯೋಸ್ ಪರದೆಯಲ್ಲಿ ಕಾಣುವ ಉಷ್ಣತೆ ಇಳಿಯಿತು, ಮರುಚಾಲನೆ ನಿಲ್ಲಲಿಲ್ಲ.

ಉಳಿದವು ರ‍್ಯಾಮ್ ಮತ್ತು ಎಸ್.ಎಂ.ಪಿ.ಎಸ್. ರ‍್ಯಾಮಿನ ಪರೀಕ್ಷೆಗೆ ಮೆಮ್‌ಟೆಸ್ಟ್ ಎಂಬ ತಂತ್ರಾಂಶವಿದೆ. ಅದು ವಿಂಡೋಸಿನ ನೆರವಿಲ್ಲದೆ ಸಿ.ಡಿ.ಯಿಂದಲೇ ಆರಂಭವಾಗಿ, ನೆನಪಿನ ಕೋಶಗಳಿಗೆ ಬಗೆಬಗೆಯ ವಿನ್ಯಾಸಗಳನ್ನು ಬರೆದು, ಮತ್ತೆ ಓದಿ, ಹೋಲಿಸುತ್ತದೆ. ಕೆಲವು ದೋಷಗಳು ಹತ್ತಾರು ಆವೃತ್ತಿಗಳ ನಂತರವೇ ಬಯಲಾಗುವುದರಿಂದ ಅದನ್ನು ರಾತ್ರಿಯಿಡೀ ಬಿಡುವುದು ರೂಢಿ. ಶಿಷ್ಯ ಮೂರು ರಾತ್ರಿ ಅದನ್ನು ನಡೆಸಿದ: ಎರಡು ತುಂಡು ರ‍್ಯಾಮನ್ನು ಒಟ್ಟಿಗೆ ಇಟ್ಟು ಒಮ್ಮೆ, ಬಿಡಿಬಿಡಿಯಾಗಿ ಎರಡು ಬಾರಿ. ತಪ್ಪು ಸಿಗಲಿಲ್ಲ. ಅದೇ ಮೊದಲ ದಿನ ಅವನು ತನ್ನ ಅಂಗಡಿಯಲ್ಲಿದ್ದ ಬೇರೊಂದು ಎಸ್.ಎಂ.ಪಿ.ಎಸ್. ತಂದು ಹಾಕಿದ್ದ. ಆ ಮೂರು ದಿನ ಯಂತ್ರ ಒಮ್ಮೆಯೂ ಮರುಚಾಲನೆಗೊಳ್ಳಲಿಲ್ಲ. ಎಸ್.ಎಂ.ಪಿ.ಎಸ್. ಕೆಟ್ಟಿತ್ತೆಂದು ಇಬ್ಬರಿಗೂ ಖಾತ್ರಿಯಾಯಿತು. ಅಧ್ಯಾಪಕರ ಮನೆಯಲ್ಲಿ ಆ ಸಂಜೆ ಕಾಫಿಯ ಜೊತೆಗೆ ಕೇಸರಿಬಾತ್ ಆಯಿತು.

ನಾಲ್ಕನೆಯ ದಿನ ಬೆಳಗ್ಗೆ ಆರೂಕಾಲಿಗೆ ಯಂತ್ರ ಮತ್ತೆ ಕಪ್ಪಾಯಿತು.

ಈ ಬಾರಿ ಶಿಷ್ಯನಿಗೂ ಮುಖ ಇಳಿಯಿತು. “ಎಸ್.ಎಂ.ಪಿ.ಎಸ್. ಬದಲಾಯಿಸಿದ್ ಮೇಲೂ ಹಿಂಗಾಗುತ್ತೆ ಅಂದ್ರೆ ಮದರ್‌ಬೋರ್ಡೇ ಹೋಗಿದೆ ಸಾರ್. ಈ ಬೋರ್ಡು ಈಗ ಮಾರ್ಕೆಟ್ಟಲ್ಲಿ ಇಲ್ಲ. ಹೊಸ ಬೋರ್ಡಿಗೆ ಹೊಸ ಪ್ರೊಸೆಸರ್ ಬೇಕು, ಹೊಸ ರ‍್ಯಾಮ್ ಬೇಕು. ಅಲ್ಲಿಗೆ ಹೊಸ ಕಂಪ್ಯೂಟರೇ ಆಯ್ತು.”

ಅಧ್ಯಾಪಕರು ಉತ್ತರ ಕೊಡದೆ ನೋಟ್‌ಬುಕ್ಕನ್ನು ಅವನ ಮುಂದಿಟ್ಟರು. ಅಲ್ಲಿ ಹತ್ತೊಂಬತ್ತು ನಮೂದುಗಳಿದ್ದವು. ಕೆಲಸದ ಅಂಕಣದಲ್ಲಿ ಯಾವ ಕ್ರಮವೂ ಇರಲಿಲ್ಲ: ಬೆರಳಚ್ಚು, ಮುದ್ರಣ, ಸುಮ್ಮನೆ ತೆರೆದಿಟ್ಟಿದ್ದು, ಎಲ್ಲವೂ ಇದ್ದವು. ಆದರೆ ವೇಳೆಯ ಅಂಕಣದಲ್ಲಿ ಹತ್ತೊಂಬತ್ತರಲ್ಲಿ ಹದಿನಾರು ಬೆಳಗಿನ ಆರರಿಂದ ಏಳೂವರೆಯೊಳಗೆ ಬಿದ್ದಿದ್ದವು. ಉಳಿದ ಮೂರು ಸಂಜೆಯ ಹೊತ್ತು ಯಂತ್ರ ಹಚ್ಚಿದ ಅರ್ಧ ಗಂಟೆಯೊಳಗೆ. ಮಧ್ಯಾಹ್ನದ ನಮೂದು ಒಂದೂ ಇರಲಿಲ್ಲ.

“ಶಾಖ ಶಾಖ ಅಂತ ಹುಡುಕಿದ್ವಿ. ಇದು ಕೆಡೋದು ತಣ್ಣಗಿದ್ದಾಗ ಕಣಯ್ಯ. ಆ ಮೂರು ದಿನ ನೀನು ಎಸ್.ಎಂ.ಪಿ.ಎಸ್. ಒಂದೇ ಬದಲಾಯಿಸಲಿಲ್ಲ, ರಾತ್ರಿಯೆಲ್ಲ ಯಂತ್ರ ಆರಿಸದೆ ಬಿಟ್ಟಿದ್ದೆ. ಎರಡು ಒಟ್ಟಿಗೆ ಬದಲಾದರೆ ಗುಣ ಯಾವುದರದು ಅಂತ ಹೇಗೆ ಹೇಳೋದು?”

ಶಿಷ್ಯ ಮತ್ತೊಮ್ಮೆ ಅಂಕಣದ ಮೇಲೆ ಬೆರಳಾಡಿಸಿದ. ಆಮೇಲೆ ನಡೆದ ಪರೀಕ್ಷೆಗಳಲ್ಲಿ ಒಂದೊಂದು ಬಾರಿಗೆ ಒಂದೊಂದನ್ನೇ ಬದಲಾಯಿಸಲಾಯಿತು. ಹಳೆಯ ಎಸ್.ಎಂ.ಪಿ.ಎಸ್. ಮರಳಿ ಹಾಕಿ, ಯಾವ ಪರೀಕ್ಷೆಯನ್ನೂ ನಡೆಸದೆ, ರಾತ್ರಿಯಿಡೀ ಯಂತ್ರವನ್ನು ಹಾಗೆಯೇ ಬಿಟ್ಟರು. ಬೆಳಗ್ಗೆ ಅದು ಸುಮ್ಮನಿತ್ತು. ಮರುರಾತ್ರಿ ಆರಿಸಿದರು, ಬೆಳಗ್ಗೆ ಕಪ್ಪಾಯಿತು. ಮೂರನೆಯ ದಿನ ಬೆಳಗ್ಗೆ ಯಂತ್ರ ಹಚ್ಚಿ, ವಿಂಡೋಸಿಗೆ ಹೋಗಗೊಡದೆ ಬಯೋಸ್ ಪರದೆಯಲ್ಲಿಯೇ ನಿಲ್ಲಿಸಿ ಕಾದರು. ಹನ್ನೊಂದು ನಿಮಿಷಕ್ಕೆ ಅದು ಆ ಪರದೆಯಲ್ಲಿದ್ದಾಗಲೇ ಮರುಚಾಲನೆಗೊಂಡಿತು. ಹಾರ್ಡ್‌ಡಿಸ್ಕು, ವಿಂಡೋಸು, ವೈರಸ್ಸು ಯಾವುದಕ್ಕೂ ಇದರಲ್ಲಿ ಪಾತ್ರವಿಲ್ಲವೆಂಬುದು ಅಲ್ಲಿಗೆ ಸಿದ್ಧವಾಯಿತು.

ಶಿಷ್ಯ ಪೆಟ್ಟಿಗೆಯ ಪಕ್ಕದ ತಗಡನ್ನು ಕಳಚಿ, ಟಾರ್ಚು ಹಿಡಿದು ಮದರ್‌ಬೋರ್ಡನ್ನು ನೋಡತೊಡಗಿದ. ಅಧ್ಯಾಪಕರು ತಮ್ಮ ಭೂತಗನ್ನಡಿಯನ್ನು ತಂದರು. ಓಲೆಗರಿಯ ಸವೆದ ಅಕ್ಷರಗಳಿಗೆ ಬಳಸುತ್ತಿದ್ದುದು ಅದು. ಪ್ರೊಸೆಸರಿನ ಪಕ್ಕದಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸಣ್ಣ ಲೋಹದ ಉರುಳೆಗಳು ಸಾಲಾಗಿ ನಿಂತಿದ್ದವು. ಅಧ್ಯಾಪಕರು ಅವನ್ನು ಒಂದೊಂದಾಗಿ ಹೋಲಿಸಿ ನೋಡಿ, “ಇವೆಲ್ಲ ಒಂದೇ ಜಾತಿಯವಲ್ಲವೇ? ಆ ತುದಿಯವುಗಳ ನೆತ್ತಿ ಸಮವಾಗಿದೆ. ಈ ನಾಲ್ಕರದು ಯಾಕೆ ಉಬ್ಬಿದೆ?” ಎಂದು ಕೇಳಿದರು. ಒಂದರ ನೆತ್ತಿಯ ಮೇಲಿನ ಅಡ್ಡಗೀರು ಬಿರಿದು, ಅಲ್ಲಿ ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು.

ಅವು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು. ಎಸ್.ಎಂ.ಪಿ.ಎಸ್.ನಿಂದ ಬರುವ 12 ವೋಲ್ಟನ್ನು ಪ್ರೊಸೆಸರು ನೇರವಾಗಿ ಸೇವಿಸಲಾರದು. ಆ ಕಾಲದ ಪ್ರೊಸೆಸರುಗಳಿಗೆ ಬೇಕಾದದ್ದು ಸುಮಾರು ಒಂದೂವರೆ ವೋಲ್ಟು. ಮದರ್‌ಬೋರ್ಡಿನ ಮೇಲಿನ ಒಂದು ಮಂಡಲ ಆ 12 ವೋಲ್ಟನ್ನು ಅತಿ ವೇಗವಾಗಿ ತೆರೆದು ಮುಚ್ಚಿ ಕೆಳಗಿಳಿಸುತ್ತದೆ. ಹೀಗೆ ಬಿಟ್ಟುಬಿಟ್ಟು ಬರುವ ವಿದ್ಯುತ್ತನ್ನು ಕೂಡಿಟ್ಟುಕೊಂಡು, ಪ್ರೊಸೆಸರು ಕೇಳಿದ ಗಳಿಗೆಗೆ ಸಮವಾಗಿ ಒದಗಿಸುವುದು ಈ ಉರುಳೆಗಳ ಕೆಲಸ. ಅವು ಸೋತರೆ ವೋಲ್ಟೇಜು ಏರಿಳಿಯುತ್ತದೆ. ಇಳಿದ ಒಂದು ಕ್ಷಣ ಸಾಕು, ಯಂತ್ರ ಮೊದಲಿಗೆ ಮರಳುತ್ತದೆ. ಶಿಷ್ಯ ಇದನ್ನು ವಿವರಿಸಲು ಪದ ಹುಡುಕುತ್ತಿದ್ದಾಗ ಅಧ್ಯಾಪಕರೇ ಹೇಳಿದರು: “ಕೆರೆ ಅನ್ನು. ಮಳೆ ಬಿಟ್ಟುಬಿಟ್ಟು ಬರುತ್ತೆ, ಗದ್ದೆಗೆ ಮಾತ್ರ ತೂಬಿನಿಂದ ಸಮನಾಗಿ ನೀರು ಹೋಗಬೇಕು. ಹೂಳು ತುಂಬಿದರೆ ಹೋಗಲ್ಲ.”

ಮುಂಜಾನೆಯ ಗುಟ್ಟು ಕೂಡ ಅಲ್ಲಿಯೇ ಇತ್ತು. ಈ ಉರುಳೆಗಳ ಒಳಗಿರುವುದು ಅಲ್ಯೂಮಿನಿಯಂ ಹಾಳೆಯ ಸುರುಳಿ ಮತ್ತು ವಿದ್ಯುತ್ ಹರಿಯುವ ದ್ರವದಲ್ಲಿ ತೊಯ್ದ ಕಾಗದ. ವಯಸ್ಸಾದಂತೆ ದ್ರವ ಕಡಿಮೆಯಾಗಿ ಒಳಗಿನ ತಡೆ ಏರುತ್ತದೆ. ಚಳಿಯಲ್ಲಿ ಅದು ಇನ್ನೂ ಏರುತ್ತದೆ. ಯಂತ್ರ ಓಡಿ ಬೆಚ್ಚಗಾದ ಮೇಲೆ ಇಳಿಯುತ್ತದೆ. ಗಟ್ಟಿಮುಟ್ಟಾದ ಕೆಪಾಸಿಟರಿಗೆ ಮಲೆನಾಡಿನ ಅಂಚಿನ ಡಿಸೆಂಬರ್ ಚಳಿ ಲೆಕ್ಕಕ್ಕಿಲ್ಲ. ಅಂಚಿಗೆ ಬಂದು ನಿಂತ ಕೆಪಾಸಿಟರಿಗೆ ಅಷ್ಟು ಚಳಿಯೇ ಸಾಕು. ಹೆಂಚಿನ ಮನೆಯ ತಣ್ಣನೆಯ ಕೋಣೆಯಲ್ಲಿ ಬೆಳಗಿನ ಆರಕ್ಕೆ ಕೆಲಸ ಆರಂಭಿಸುವ ಅಧ್ಯಾಪಕರ ಐವತ್ತು ವರ್ಷದ ರೂಢಿಯೇ ದೋಷವನ್ನು ಹೊರಗೆಳೆದಿತ್ತು.

ಈ ಉಬ್ಬಿದ ಉರುಳೆಗಳಿಗೆ ಒಂದು ಚರಿತ್ರೆಯಿದೆ. 1999ರಿಂದ ಸುಮಾರು 2007ರವರೆಗೆ ತಯಾರಾದ ಅಸಂಖ್ಯ ಮದರ್‌ಬೋರ್ಡುಗಳು ಮತ್ತು ಎಸ್.ಎಂ.ಪಿ.ಎಸ್.ಗಳು ಇದೇ ಬಗೆಯಲ್ಲಿ ಅಕಾಲದಲ್ಲಿ ಕೆಟ್ಟವು. ತಂತ್ರಜ್ಞರು ಅದನ್ನು ‘ಕೆಪಾಸಿಟರ್ ಪಿಡುಗು’ ಎಂದೇ ಕರೆದರು. ಕೆಟ್ಟವುಗಳಲ್ಲಿ ಹೆಚ್ಚಿನವು ತೈವಾನಿನ ತಯಾರಕರವು. ಒಳಗಿನ ದ್ರವದಲ್ಲಿ ನೀರಿನ ಪ್ರಮಾಣ ಹೆಚ್ಚಿದ್ದು, ಅದು ಅಲ್ಯೂಮಿನಿಯಮ್ಮನ್ನು ತಿನ್ನದಂತೆ ತಡೆಯುವ ಪದಾರ್ಥಗಳು ಸರಿಯಾಗಿ ಇರಲಿಲ್ಲ. ಹೀಗಾಗಿ ಹೈಡ್ರೊಜನ್ ಅನಿಲ ಹುಟ್ಟಿ ಉರುಳೆ ಉಬ್ಬುತ್ತಿತ್ತು. ಇದಕ್ಕೆ ಕಾರಣವಾಗಿ ಆಗ ಒಂದು ಕಥೆ ಹರಡಿತು. ಜಪಾನಿನ ತಯಾರಕರೊಬ್ಬರ ದ್ರವದ ಸೂತ್ರವನ್ನು ಯಾರೋ ಕದ್ದು ನಕಲು ಮಾಡಿಕೊಂಡರು, ಆ ನಕಲಿನಲ್ಲಿ ಕೆಲವು ಪದಾರ್ಥಗಳು ಬಿಟ್ಟುಹೋದವು ಎಂಬುದು ಅದರ ಸಾರ. ಕಥೆ ಪೂರ್ತಿಯಾಗಿ ಸಾಬೀತಾದುದಲ್ಲ. ಆದರೆ ಶಿಷ್ಯ ಇದನ್ನು ಹೇಳಿದಾಗ ಅಧ್ಯಾಪಕರು ಬಹಳ ಹೊತ್ತು ನಕ್ಕರಂತೆ. ಒಂದು ಸಾಲು ಬಿಟ್ಟು ಬರೆದ ಲಿಪಿಕಾರನೂ, ಅವನ ಪ್ರತಿಯನ್ನೇ ನಂಬಿ ಮತ್ತೆ ಮತ್ತೆ ಪ್ರತಿ ಮಾಡಿದವರೂ ಅವರಿಗೆ ಚಿರಪರಿಚಿತರು.

ದುರಸ್ತಿಯ ಕೆಲಸ ನಡೆದದ್ದು ಊರಿನ ಹಳೆಯ ರೇಡಿಯೊ ಅಂಗಡಿಯಲ್ಲಿ. ಅಲ್ಲಿಯ ಮುದುಕರು ಕೆಪಾಸಿಟರ್ ಎನ್ನುತ್ತಿರಲಿಲ್ಲ, ‘ಕಂಡೆನ್ಸರ್’ ಎನ್ನುತ್ತಿದ್ದರು. ಶಿಷ್ಯ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊಸ ಉರುಳೆಗಳನ್ನು ತಂದ. ಅವುಗಳ ಮೇಲೆ ಬರೆದ ಮೈಕ್ರೊಫ್ಯಾರಡ್ ಹಳೆಯದಕ್ಕೆ ಹೊಂದಬೇಕು. ವೋಲ್ಟು ಹಳೆಯದಷ್ಟೇ ಅಥವಾ ತುಸು ಹೆಚ್ಚು ಇರಬಹುದು, ಕಡಿಮೆ ಇರಕೂಡದು. 105 ಡಿಗ್ರಿ ಶಾಖ ತಡೆಯುವ, ಒಳತಡೆ ಕಡಿಮೆಯಿರುವ ಬಗೆಯದೇ ಆಗಬೇಕು. ಮೈಮೇಲಿನ ಪಟ್ಟೆ ಋಣ ತುದಿಯ ಗುರುತು. ತಿರುಗುಮುರುಗಾಗಿ ಹಾಕಿದರೆ ಉರುಳೆ ಸಿಡಿಯಬಹುದು. ಮುದುಕರು ನಾಲ್ಕನ್ನು ಬದಲಾಯಿಸಿದ ಮೇಲೆ, ಉಬ್ಬದೆ ಇದ್ದ ಪಕ್ಕದ ಎರಡನ್ನೂ ಬದಲಾಯಿಸಬೇಕೆಂದರು. ಅವು ಚೆನ್ನಾಗಿಯೇ ಇವೆಯಲ್ಲ ಎಂದು ಶಿಷ್ಯ ಹೇಳಿದ್ದಕ್ಕೆ, “ಒಂದೇ ಕಂಪನಿ, ಒಂದೇ ವಯಸ್ಸು. ಇವತ್ತು ಆ ನಾಲ್ಕು, ನಾಳೆ ಈ ಎರಡು” ಎಂದರು. ಒಂದೇ ಮಾತೃಕೆಯಿಂದ ಇಳಿದ ಪ್ರತಿಗಳಲ್ಲಿ ಒಂದೇ ತಪ್ಪು ಇರುತ್ತದೆಂಬ ಗ್ರಂಥಸಂಪಾದನೆಯ ನಿಯಮವನ್ನು ಅವರು ಯಾವ ತರಗತಿಯಲ್ಲಿಯೂ ಕಲಿತವರಲ್ಲ. ಆರು ಉರುಳೆಗಳ ಬೆಲೆ, ಕೂಲಿ ಎಲ್ಲ ಸೇರಿದರೂ ಹೊಸ ಯಂತ್ರದ ಬೆಲೆಯ ಮುಂದೆ ಅದು ಏನೂ ಅಲ್ಲ.

ಯಂತ್ರ ಮನೆಗೆ ಬಂದ ಮೇಲೆ ಅಧ್ಯಾಪಕರು ಪ್ರತಿದಿನ ಬೆಳಗ್ಗೆ ಆರಕ್ಕೇ ಅದನ್ನು ಹಚ್ಚಿ, ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದು ಮುಂದಿನ ಅಂಕಣಗಳನ್ನು ಖಾಲಿ ಬಿಟ್ಟರು. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವವರೆಗೂ ಅಂಕಣಗಳು ಖಾಲಿಯಾಗಿಯೇ ಉಳಿದವು. ಆ ಅವಧಿಯಲ್ಲಿಯೇ ಅವರು ಶಾಸನಸಂಪುಟಗಳನ್ನು ಮತ್ತೆ ತೆರೆದು ‘ಬ’ಕಾರದ ಕಳೆದುಹೋದ ಪದಗಳನ್ನು ಮರಳಿ ಬರೆದದ್ದು. ನಲವತ್ತು ಪದಕ್ಕೆ ಎರಡು ತಿಂಗಳು ಹಿಡಿಯಿತು. ಬಿತ್ತುವಟ್ಟದ ಟಿಪ್ಪಣಿ ಮೊದಲಿನದಕ್ಕಿಂತ ಚಿಕ್ಕದಾಯಿತು. ಹಿಂದೆ ಕೊಟ್ಟಿದ್ದ ಒಂದು ಶಾಸನದ ಉಲ್ಲೇಖ ಎಲ್ಲಿಯದೆಂದು ಅವರಿಗೆ ಕೊನೆಗೂ ಸಿಗಲಿಲ್ಲ. ಕೆರೆಯ ಹೂಳೆತ್ತಿ ಏರಿಯನ್ನು ಕಾಪಾಡುವುದಕ್ಕೆಂದು ಹಿಂದಿನವರು ಭೂಮಿ ಬಿಟ್ಟುಕೊಡುತ್ತಿದ್ದರೆಂದು ವಿವರಿಸುವ ಟಿಪ್ಪಣಿಯೇ ಕಾಪಿಲ್ಲದೆ ಹಾಳಾಗಿತ್ತು ಎಂಬುದನ್ನು ಅವರು ಬಂದವರೆದುರು ತಾವೇ ಹೇಳಿಕೊಳ್ಳುತ್ತಿದ್ದರು.

ಯಂತ್ರ ಸರಿಹೋದರೂ ಮೂಲ ತೊಂದರೆ ತೀರಿರಲಿಲ್ಲ. ಅದನ್ನು ತೋರಿಸಿಕೊಟ್ಟವನೂ ಶಿಷ್ಯನೇ. ನಕಲು ಮಾಡಿದ ಕಡತಗಳನ್ನು ಅವನ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಅರ್ಥವಿಲ್ಲದ ಸಾಲುಗಳು ಕಂಡವು. ಆ ಕಾಲದ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ತುಣುಕುಗಳನ್ನು ಬೇರೆ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗುತ್ತಿತ್ತು; ಆ ಫಾಂಟ್ ಇಲ್ಲದ ಕಡೆ ಬರಹ ಓದಲಾಗದ ಲಿಪಿಯಾಗುತ್ತದೆ. ಪ್ರತಿ ಇದ್ದರಷ್ಟೇ ಸಾಲದು, ಓದಬಲ್ಲ ಪ್ರತಿ ಇರಬೇಕು. ಹೀಗಾಗಿ ಕೋಶವನ್ನು ಯುನಿಕೋಡಿಗೆ ಪರಿವರ್ತಿಸುವ ಕೆಲಸ ಆರಂಭವಾಯಿತು. ಪರಿವರ್ತಕ ತಂತ್ರಾಂಶ ಅರ್ಕಾವತ್ತುಗಳನ್ನು ಅಲ್ಲಲ್ಲಿ ತಪ್ಪು ಜಾಗದಲ್ಲಿ ಇಡುತ್ತಿತ್ತು; ಹಳಗನ್ನಡದ ಱ, ೞ ಅಕ್ಷರಗಳನ್ನು ಕೈಯಿಂದಲೇ ತಿದ್ದಬೇಕಾಯಿತು. ಯುನಿಕೋಡಿನಲ್ಲಿ ೞ ಅಕ್ಷರಕ್ಕೆ ಸ್ಥಾನವಿದೆ, ಆದರೆ ಅದರ ಅಧಿಕೃತ ಹೆಸರು ತಪ್ಪಾಗಿ ‘ಫ’ ಎಂಬರ್ಥದಲ್ಲಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮ ಇರುವುದರಿಂದ ತಪ್ಪು ಹಾಗೆಯೇ ಉಳಿದಿದೆ. ಲಿಪಿಕಾರಸ್ಖಾಲಿತ್ಯ ಓಲೆಗರಿಯೊಂದಿಗೆ ಮುಗಿದಿಲ್ಲವೆಂದು ಅಧ್ಯಾಪಕರು ಆ ಪುಟದ ಅಂಚಿನಲ್ಲಿ ಬರೆದುಕೊಂಡರು.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯಚರಿತ್ರೆಯ ಪ್ರಸಿದ್ಧ ಸಂಗತಿ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ಇಂದು ಉಪಲಬ್ಧವಿಲ್ಲ. ಒಂದು ಉಳಿಯಲು, ಇನ್ನೊಂದು ಅಳಿಯಲು ಪ್ರತಿಗಳ ಸಂಖ್ಯೆಯೊಂದೇ ಕಾರಣವೆಂದು ಹೇಳಲಾಗದು. ನಡುವೆ ಸಾವಿರ ವರ್ಷಗಳ ಮಳೆ, ಬೆಂಕಿ, ಗೆದ್ದಲು, ಅಲಕ್ಷ್ಯಗಳಿವೆ. ಆದರೂ ಆ ಎರಡು ಹೆಸರುಗಳನ್ನು ಒಟ್ಟಿಗೆ ನೆನೆದಾಗ, ಕೃತಿಯನ್ನು ರಚಿಸುವುದರ ಜೊತೆಗೆ ಅದನ್ನು ಹಲವು ಕೈಗಳಿಗೆ ಒಪ್ಪಿಸುವುದೂ ವಿದ್ವಾಂಸನ ಕರ್ತವ್ಯವೆಂಬುದು ಮನದಟ್ಟಾಗುತ್ತದೆ. ಅಧ್ಯಾಪಕರು ಇದನ್ನು ತರಗತಿಗಳಲ್ಲಿ ಅತ್ತಿಮಬ್ಬೆಯ ಔದಾರ್ಯದ ಪ್ರಸಂಗವಾಗಿ ಹೇಳಿದ್ದರು. ತಮಗೆ ಸಲ್ಲುವ ವಿಧಿಯಾಗಿ ಓದಿಕೊಂಡದ್ದು ಆ ವರ್ಷವೇ.

2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ ನಿಂತಿತು. ಅಧ್ಯಾಪಕರು ಹೊಸ ಯಂತ್ರಕ್ಕೆ ಬಂದರು. ಹಳೆಯದು ಕೋಣೆಯ ಮೂಲೆಯಲ್ಲಿ, ಬಟ್ಟೆಯ ಹೊದಿಕೆಯಡಿ, ಕೆಲಸ ಮಾಡಬಲ್ಲ ಸ್ಥಿತಿಯಲ್ಲಿಯೇ ಇತ್ತು. ಅಷ್ಟರಲ್ಲಿ ಕೋಶ ಐದು ಕಡೆ ನೆಲೆಸಿತ್ತು: ಹೊಸ ಯಂತ್ರದಲ್ಲಿ, ಬೀರುವಿನಲ್ಲಿಟ್ಟ ಹಾರ್ಡ್‌ಡಿಸ್ಕಿನಲ್ಲಿ, ಮೈಸೂರಿನಲ್ಲಿದ್ದ ಮಗಳ ಮನೆಯಲ್ಲಿ, ಕಾಗದದ ಮೇಲೆ ಮುದ್ರಿಸಿ ಕಟ್ಟಿಸಿದ ಎರಡು ಸಂಪುಟಗಳಲ್ಲಿ, ಮತ್ತು ಬಸ್ ನಿಲ್ದಾಣದ ಬಳಿಯ ಅಂಗಡಿಯ ಮೇಜಿನ ಖಾನೆಯಲ್ಲಿ. ಪ್ರತಿ ತಿಂಗಳ ಮೊದಲ ಭಾನುವಾರ ಶಿಷ್ಯ ಬಂದು ಅಂಗಡಿಯ ಪ್ರತಿಯನ್ನು ಹೊಸತಿಗೆ ಹೋಲಿಸಿ ನೋಡುತ್ತಿದ್ದ. ಅಧ್ಯಾಪಕರು ಅದೇ ನೋಟ್‌ಬುಕ್ಕನ್ನು ತೆರೆದು, ದಿನಾಂಕ ಬರೆದು, ಮುಂದೆ ‘ಐದೂ ಓದಿದವು’ ಎಂದು ಬರೆಯುತ್ತಿದ್ದರು.